ಮಧ್ಯಾಹ್ನ 2 ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರ್ತಾರೆ?

(ನಿವೃತ್ತ ಪಶುವೈದ್ಯರೊಬ್ಬರು ಫೆಬ್ರುವರಿಯ ಒಂದು ಭಾನುವಾರ ಸಂಜೆ ಬಳ್ಳಾರಿಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಆಡಿದ ಮಾತುಗಳ ಬರಹ ರೂಪ)

ನನ್ನನ್ನು ಕರೆದವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸಾರ್, ನಾಯಿ ಸಾಕೋದು ಒಳ್ಳೇದಾ, ಬೆಕ್ಕು ಸಾಕೋದು ಒಳ್ಳೇದಾ, ಅದೊಂದು ಹೇಳಿಬಿಡ್ರೀ ಸಾಕು." ಹೂಂ ಅಂದುಬಿಟ್ಟೆ. ಆಮೇಲೆ ಯೋಚನೆ ಹತ್ತಿತು. ಸರ್ವಿಸಿನ ಬಹುಪಾಲು ನಾನು ನೋಡಿದ್ದು ಎಮ್ಮೆ, ಎತ್ತು, ಕುರಿ. ಸಿರುಗುಪ್ಪ, ಸಿಂಧನೂರು, ಕುಷ್ಟಗಿ, ಎಲ್ಲಿ ಹೋದರೂ ನಾನು 'ದನದ ಡಾಕ್ಟ್ರು'. ದವಾಖಾನೆ ಮುಂದೆ ಎತ್ತಿನ ಬಂಡಿ ನಿಲ್ಲುತ್ತಿದ್ದವು. ಕೊನೆಯ ಹತ್ತು ಹನ್ನೆರಡು ವರ್ಷದಲ್ಲಿ ನೋಡಿ, ಸ್ಕೂಟಿ ನಿಲ್ಲತೊಡಗಿದವು. ಕಾಲಿಡುವ ಜಾಗದಲ್ಲಿ ನಾಲಿಗೆ ಚಾಚಿಕೊಂಡು ಒಂದು ಲ್ಯಾಬ್ರಡಾರ್ ಕೂತಿರುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ನಾಯಿ ಪಕ್ಷದವನು. ಆದರೆ ಈಗ ನಮ್ಮ ಮನೆಯಲ್ಲಿರುವುದು ಬೆಕ್ಕು. ಅದು ಹೇಗಾಯಿತು ಅಂತ ಆಮೇಲೆ ಹೇಳುತ್ತೇನೆ.

ಮರಿ ತರಬೇಕು ಅಂತ ಸಲಹೆ ಕೇಳೋಕೆ ಬರುವವರು ಸಾಮಾನ್ಯವಾಗಿ ಜಾಗದ ಲೆಕ್ಕ ಹೇಳುತ್ತಾರೆ. "ಸಾರ್, ದೊಡ್ಡ ಕಾಂಪೌಂಡ್ ಐತಿ. ಹಿಂದೆ ಹಿತ್ತಲೂ ಐತಿ." ನಾನು ಜಾಗ ಕೇಳುವುದಿಲ್ಲ. ನಾನು ಕೇಳೋದು ಒಂದೇ: ಮೇ ತಿಂಗಳಲ್ಲಿ, ಮಧ್ಯಾಹ್ನ 2 ಗಂಟೆಗೆ, ನಿಮ್ಮ ಮನೆಯಲ್ಲಿ ಯಾರಿರ್ತಾರೆ?

ಸುಮ್ನೆ ಆ ಹೊತ್ತನ್ನು ಕಣ್ಣಮುಂದೆ ತಂದುಕೊಳ್ಳಿ. ಬಿಸಿಲು 40 ದಾಟಿದೆ. ರಾಯಚೂರಿನವರು ಇದ್ದರೆ "ನಮ್ದು ಇನ್ನೂ ಎರಡು ಡಿಗ್ರಿ ಜಾಸ್ತಿ" ಅಂತಾರೆ, ಅದರಲ್ಲೂ ಅವರಿಗೆ ಒಂದು ಹೆಮ್ಮೆ. ಕರೆಂಟ್ ಹೋಗಿದೆ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ, ಮಕ್ಕಳು ಅಜ್ಜಿ ಊರಿಗೆ ಹೋಗಿದ್ದಾರೆ. ಬಾಗಿಲಿಗೆ ಬೀಗ. ಒಳಗೆ ಒಂದು ಜೀವ ಇದೆ. ಅದು ಬೆಕ್ಕಾದರೆ ಏನು ಮಾಡುತ್ತಿರುತ್ತದೆ? ಬಚ್ಚಲಲ್ಲಿ, ಬಕೆಟ್ ಹಿಂದೆ, ತಣ್ಣನೆ ಕಲ್ಲಿನ ಮೇಲೆ ಉದ್ದಕ್ಕೆ ಮಲಗಿರುತ್ತದೆ. ನೀವಿದ್ದರೂ ಆ ಹೊತ್ತಿಗೆ ಅದು ಮಲಗಿಯೇ ಇರುತ್ತಿತ್ತು. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಅದರ ಹಕ್ಕು. ಅದರ ಪೂರ್ವಿಕರು ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕುಗಳು. ಬಳ್ಳಾರಿ ಅದಕ್ಕೆ ಪರದೇಶ ಅಲ್ಲ. ನೆರಳು, ನೀರು ಎರಡಿದ್ದರೆ ಸಾಕು.

ನಾಯಿಗೆ ಹಾಗಲ್ಲ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರು ಬರುವುದು ಪಾದದಡಿ ಮಾತ್ರ, ಅದೂ ಲೆಕ್ಕಕ್ಕಿಲ್ಲದಷ್ಟು. ಮೈಯ ಕಾವು ಹೊರಗೆ ಹೋಗಬೇಕಾದರೆ ನಾಲಿಗೆ ಚಾಚಿ ತೇಕಬೇಕು. ಸುತ್ತಲಿನ ಗಾಳಿಯೇ ಕಾದ ಹಂಚಿನಂತಿದ್ದರೆ ತೇಕಿ ಏನು ಪ್ರಯೋಜನ?

ಸಂಡೂರು ಕಡೆಯವರೊಬ್ಬರು ಹಸ್ಕಿ ತಂದಿದ್ದರು. ಹಿಮದಲ್ಲಿ ಗಾಡಿ ಎಳೆಯುವ ಜಾತಿ. ತಂದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ನಮ್ಮೂರೂ ಚೆಂದ, ಮರಿಯೂ ಚೆಂದ. ಮನೆಯಲ್ಲಿ ಏಸಿ ಹಾಕಿಸಿದ್ದರು, ಸುಳ್ಳು ಹೇಳಬಾರದು, ಚೆನ್ನಾಗಿಯೇ ನೋಡಿಕೊಂಡಿದ್ದರು. ಒಂದು ದಿನ ಮದುವೆಗೆ ಹೋದರು. ಕರೆಂಟ್ ಹೋಯಿತು. ಮೂರೂವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಬಂದರು. ಒಸಡು ಇಟ್ಟಿಗೆ ಕೆಂಪು. ಜೊಲ್ಲು ಅಂಟಂಟು, ನೂಲು ನೂಲು. ಥರ್ಮಾಮೀಟರ್ ಇಟ್ಟೆ, 108. ನಾಯಿಗೆ ಸಾಧಾರಣವಾಗಿ ಇರಬೇಕಾದದ್ದು 101ರಿಂದ 102 ಚಿಲ್ಲರೆ. ನೀರು ಹಾಕಿದೆವು, ಸಲೈನ್ ಏರಿಸಿದೆವು. ಸಂಜೆವರೆಗೆ ಉಸಿರಿತ್ತು.

ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ನೀರು ಶುರು ಮಾಡಿ, ಆಮೇಲೆ ಡಾಕ್ಟರ್. ಹೊಟ್ಟೆ, ತೊಡೆಸಂದು, ಪಾದ ಎಲ್ಲ ತೋಯಿಸಿ ಗಾಳಿ ಹಾಕಿ. ಐಸ್ ಹುಡುಕಿಕೊಂಡು ಅಂಗಡಿಗೆ ಓಡಬೇಡಿ, ಆ ಹತ್ತು ನಿಮಿಷವೇ ಮುಖ್ಯ. ಇನ್ನೊಂದು, ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹಾಕಬೇಡಿ. ಮೇ ತಿಂಗಳಲ್ಲಿ ನಮ್ಮ ಊರಿನ ಆ ನೀರಲ್ಲಿ ಚಹಾ ಮಾಡಬಹುದು. ಕೆಳಗಿನ ಸಂಪಿನದು ಹಾಕಿ.

ನಾಯಿಯೇ ಬೇಕು ಅನ್ನುವವರು ಮೂಗು ಚಪ್ಪಟೆಯಾದ ಪಗ್, ದಪ್ಪ ತುಪ್ಪಳದ ಹಸ್ಕಿ, ಸೇಂಟ್ ಬರ್ನಾರ್ಡ್ ಬಿಟ್ಟುಬಿಡಿ. ಬೀದಿಯಲ್ಲೇ ಹುಟ್ಟಿದ ನಮ್ಮ ನಾಟಿ ನಾಯಿ ಇದೆಯಲ್ಲ, ಈ ಬಿಸಿಲಿಗೆ ಅದಕ್ಕಿಂತ ಒಗ್ಗಿದ ಜಾತಿ ಇಲ್ಲ. ಮುಧೋಳ ನಾಯಿ ಆಗಲ್ವಾ ಅಂತ ಕೇಳುತ್ತೀರಿ. ಬಾಗಲಕೋಟೆ ಕಡೆ ಕರವಾನಿ ಅಂತಾರೆ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂತು, ಸೈನ್ಯಕ್ಕೂ ಸೇರಿಸಿಕೊಂಡರು. ಬಿಸಿಲು ತಡೆಯುತ್ತದೆ, ನಿಜ. ಆದರೆ ಅದು ಓಡಿ ಬೇಟೆ ಹಿಡಿಯೋಕೆ ಹುಟ್ಟಿದ ನಾಯಿ. ಹೊಲ ಇದ್ದರೆ ತನ್ನಿ. 30-40 ಸೈಟಿನಲ್ಲಿ ಸರಪಳಿ ಹಾಕಿ ಕಟ್ಟೋದಾದರೆ ಬೇಡ.

ಈಗ ನನ್ನ ಕಥೆ. ಕುಷ್ಟಗಿ ಕಡೆ ಇದ್ದಾಗ ಕ್ವಾರ್ಟರ್ಸಿನಲ್ಲಿ ಒಂದು ನಾಯಿ ಸಾಕಿದ್ದೆ. ಕರಿಯ ಅಂತ ಹೆಸರು. ಹೆಂಡತಿ ಮಕ್ಕಳು ಓದಿನ ಸಲುವಾಗಿ ಬಳ್ಳಾರಿಯಲ್ಲಿದ್ದರು. ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ಬಂತೆಂದರೆ ನಸುಕಿನಲ್ಲಿ ಹೋದವನು ರಾತ್ರಿ ಎಂಟಕ್ಕೆ ಬರುತ್ತಿದ್ದೆ. ರೊಟ್ಟಿ, ನೀರು ಇಟ್ಟು ಹೋಗುತ್ತಿದ್ದೆ. ಹೊಟ್ಟೆಗೇನೂ ಕಡಿಮೆ ಇರಲಿಲ್ಲ. ಒಂದು ದಿನ ನೋಡುತ್ತೇನೆ, ಅದರ ಮುಂಗಾಲಿನ ಮೇಲೆ ಎಂಟಾಣೆ ಅಗಲ ಕೂದಲು ಹೋಗಿದೆ. ಗಾಯ ಅಂದುಕೊಂಡು ಮುಲಾಮು ಹಚ್ಚಿದೆ. ವಾರದಲ್ಲಿ ಒಂದು ರೂಪಾಯಿ ಅಗಲ ಆಯಿತು, ಕೆಂಪಗೆ, ಒದ್ದೆ ಒದ್ದೆ. ಪಟ್ಟಿ ಕಟ್ಟಿದೆ, ಕಿತ್ತು ಹಾಕಿತು. ಉಣ್ಣಿ ಹುಡುಕಿದೆ, ಕಜ್ಜಿ ಹುಡುಕಿದೆ. ಡಾಕ್ಟರ್ ನಾನು, ಗೊತ್ತಾಗಲಿಲ್ಲ.

ಪಕ್ಕದ ಮನೆಯ ಅಜ್ಜಿಗೆ ಗೊತ್ತಿತ್ತು. "ನೀ ಹ್ವಾದ ಮ್ಯಾಲೆ ಸಂಜೀಮಟ ಕಾಲು ನೆಕ್ಕಿಕೋತ ಕುಂದರ್ತೈತಪ್ಪ. ಗೇಟಿನ ಕಡೀ ಮಾರಿ ಮಾಡಿ ಕುಂದರ್ತೈತಿ" ಅಂದಳು. ಬೇಸರಕ್ಕೆ, ಒಂಟಿತನಕ್ಕೆ ನಾಯಿ ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದೆ. ನನ್ನ ಮನೆ ಗೇಟಿನೊಳಗೆ ಕಾಣಿಸಲಿಲ್ಲ.

ಕೊನೆಗೆ ನನಗೆ ಪರಿಚಯದ ಒಬ್ಬ ಕುರಿಗಾರನಿಗೆ ಕೊಟ್ಟೆ. ಕೊಪ್ಪಳ ಸೀಮೆಯಲ್ಲಿ ಕುರಿ ಹಿಂಡಿನ ಜೊತೆ ನಾಯಿ ಇರಲೇಬೇಕು. ಅಲ್ಲಿ ಈಗಲೂ ತೋಳ ಇವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೇ ಒಂದು ಧಾಮ ಮಾಡಿದ್ದಾರೆ. ಎರಡು ತಿಂಗಳು ಬಿಟ್ಟು ಹಟ್ಟಿಗೆ ಹೋಗಿ ನೋಡಿದೆ. ಕಾಲಿನ ಮೇಲೆ ಕೂದಲು ಬಂದಿತ್ತು. ಏಸಿ ಇಲ್ಲ, ಗೂಡಿಲ್ಲ, ದಿನಾ ಹತ್ತು ಮೈಲಿ ನಡಿಗೆ. ಆದರೆ ಇಡೀ ದಿನ ಮನುಷ್ಯರ ಜೊತೆ. ನನ್ನ ಹತ್ತಿರ ಬಂತು, ಕೈ ಮೂಸಿತು, ಬಾಲ ಆಡಿಸಿತು, ಹಿಂಡಿನ ಹಿಂದೆ ಹೋಯಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅದಕ್ಕೇ ಜಾಗ ಕೇಳುವುದಿಲ್ಲ ಅಂದೆ. ಬೆಕ್ಕಿಗೆ ಮನೆ ಬೇಕು, ನಾಯಿಗೆ ನೀವು ಬೇಕು. ಮನೆ ಬದಲಾಯಿಸಿದವರಿಗೆ ಇದು ಗೊತ್ತು. ನಾಯಿ ನಿಮ್ಮ ಹಿಂದೆ ಲಾರಿ ಹತ್ತಿ ಬರುತ್ತದೆ. ಬೆಕ್ಕು ಹಳೇ ಮನೆಗೆ ವಾಪಸ್ ಹೋಗುತ್ತದೆ. ಬೆಕ್ಕಿನ ಜೊತೆ ಮನೆ ಬದಲಾಯಿಸಿದರೆ ಎರಡು ಮೂರು ವಾರ ಹೊರಗೆ ಬಿಡಬೇಡಿ. ಹೊಸ ಮನೆಯ ವಾಸನೆ ಅದರದ್ದಾಗಬೇಕು.

ಊಟದ ವಿಷಯಕ್ಕೆ ಬರೋಣ, ನಮ್ಮ ಕಡೆ ಇಲ್ಲೇ ಜಾಸ್ತಿ ತಪ್ಪುಗಳು ಆಗೋದು. ನಾಯಿ ನಮ್ಮ ಜೊತೆ ಎಷ್ಟು ಸಾವಿರ ವರ್ಷ ಬಾಳಿದೆ ಅಂದರೆ, ಅದರ ಹೊಟ್ಟೆ ನಮ್ಮ ಅಡುಗೆಗೆ ಒಗ್ಗಿಬಿಟ್ಟಿದೆ. 2013ರಲ್ಲಿ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿ ಹೋಲಿಸಿ ನೋಡಿದರು. ಹಿಟ್ಟಿನ ಪದಾರ್ಥ ಅರಗಿಸುವ ವಂಶವಾಹಿಯ ಪ್ರತಿಗಳು ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದ್ದವು. ಅಂದರೆ ನಮ್ಮ ಜೋಳದ ರೊಟ್ಟಿ ಅದಕ್ಕೆ ದಕ್ಕುತ್ತದೆ. ಬರೀ ರೊಟ್ಟಿ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ಅವು ಇಲ್ಲದ ಮನೆಯಲ್ಲೂ ಡಾಕ್ಟರನ್ನು ಕೇಳಿ ಲೆಕ್ಕ ಹಾಕಿ ಕೊಟ್ಟರೆ ನಾಯಿ ಬದುಕುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್ ಮಾತ್ರ ಬೇಡ. ಉಳ್ಳಾಗಡ್ಡಿ ಬೆಕ್ಕಿಗೂ ವಿಷವೇ.

ಬೆಕ್ಕಿನ ಹೊಟ್ಟೆ ಒಂದಿಷ್ಟೂ ಬದಲಾಗಿಲ್ಲ. ಅದು ಇವತ್ತಿಗೂ ಸಣ್ಣ ಹುಲಿ. ಟಾರಿನ್ ಅಂತ ಒಂದು ಅಂಶ ಅದಕ್ಕೆ ಬೇಕೇ ಬೇಕು, ಮೈಯಲ್ಲಿ ಬೇಕಾದಷ್ಟು ತಯಾರಾಗುವುದಿಲ್ಲ. ಅದು ಸಿಗೋದು ಮಾಂಸ, ಮೀನಿನಲ್ಲಿ. ಸಿಗದಿದ್ದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಪೂರ್ತಿ ಸಸ್ಯಾಹಾರಿ ಮನೆಯವರು ಒಬ್ಬರು ಬೆಕ್ಕು ತಂದಿದ್ದರು. ಎರಡನೇ ಮಹಡಿ, ಹೊರಗೆ ಬಿಟ್ಟೇ ಇಲ್ಲ. "ಮೂರು ವರ್ಷದಿಂದ ಹಾಲು-ಅನ್ನ, ಮೊಸರನ್ನ ಬಿಟ್ಟು ಬೇರೆ ಏನೂ ಮುಟ್ಟಿಲ್ಲ ಸಾರ್" ಅಂತ ಹೆಮ್ಮೆಯಿಂದ ಹೇಳಿದರು. ನಾನು ಟಾರ್ಚ್ ಬಿಟ್ಟೆ. ಕಣ್ಣಿನ ಪಾಪೆ ಅಗಲಕ್ಕೆ ತೆರೆದೇ ಇತ್ತು, ಬೆಳಕಿಗೆ ಕಿರಿದಾಗಲೇ ಇಲ್ಲ. ಮೇಜಿನ ತುದಿಗೆ ಬಂದು ಕಾಲಿಂದ ತಡಕಾಡಿತು. ಅವರಿಗೆ ಅದು ಸೋಮಾರಿ ಅಂತ ಅನ್ನಿಸಿತ್ತಂತೆ.

ಹಿಂದೆಲ್ಲ ಅದೇ ಮನೆಗಳಲ್ಲಿ ಬೆಕ್ಕು ಗಟ್ಟಿಯಾಗಿ ಇರಲಿಲ್ವಾ ಅಂತೀರಿ. ಇತ್ತು. ನೀವು ಹಾಕಿದ್ದು ಹಾಲು-ಅನ್ನ, ಅದು ತಿಂದದ್ದು ಇಲಿ. ಅಡುಗೆಮನೆಯಲ್ಲಿ ಮಾಂಸ ಬೇಡ ಅನ್ನುವವರು, ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರಕ್ಕೆ ಮನಸ್ಸು ಒಪ್ಪುತ್ತದಾ ನೋಡಿಕೊಳ್ಳಿ. ಒಪ್ಪದಿದ್ದರೆ ಬೆಕ್ಕು ಬೇಡ. ಇದರಲ್ಲಿ ಯಾರದ್ದೂ ತಪ್ಪಿಲ್ಲ.

ಹಾಲು ಅಂದಾಗ ನೆನಪಾಯಿತು. ಹಂಪಿ ಇಲ್ಲೇ ಇದೆ, ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಬೆಕ್ಕು, ಹಾಲಿಗೆ ಒಂದೊಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಆಮೇಲೆ ಆ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು, ಹಾಲೆಲ್ಲ ಇವನಿಗೆ. ಬಾಯಿ ಸುಟ್ಟದ್ದು ತಪ್ಪು. ಆದರೆ ಹಾಲು ತಪ್ಪಿಸಿದ್ದು ಸರಿಯೇ ಅಂತ ನನಗೆ ಅನ್ನಿಸುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಸಕ್ಕರೆ ಹಾಕಿ ಕೊಡುವವರೂ ಇದ್ದಾರೆ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗೋದಿಲ್ಲ.

ಅದಕ್ಕೆ ಬೇಕಾದದ್ದು ನೀರು. ಒಣಸೀಮೆಯ ಪ್ರಾಣಿ ಅಂದೆನಲ್ಲ, ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಅದರಿಂದ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಳ್ಳುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿ ಒಂದು ಹನಿಯೂ ಬರಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ನಾಳೆ ಇರೋದಿಲ್ಲ.

ಹಾಗೇ, ಜ್ವರ ಬಂದಿದೆ ಅಂತ ಬೆಕ್ಕಿಗೆ ಅರ್ಧ ಪ್ಯಾರಸಿಟಮಾಲ್ ಹಾಕುವವರು. ಕೈ ಮುಗಿದು ಹೇಳುತ್ತೇನೆ, ಬೇಡ. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒಸಡು ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಪ್ರೀತಿಯಿಂದಲೇ ಹಾಕಿರುತ್ತಾರೆ ಪಾಪ.

ರೇಬೀಸ್ ಬಗ್ಗೆ ಹೇಳದೆ ಹೋದರೆ ನಾನು ಡಾಕ್ಟರೇ ಅಲ್ಲ. 'ಬೊಗಳುವ ನಾಯಿ ಕಚ್ಚಲ್ಲ' ಅಂತ ಗಾದೆ. ನನ್ನನ್ನು ಸರ್ವಿಸಿನಲ್ಲಿ ನಾಲ್ಕು ಸಲ ನಾಯಿ ಕಚ್ಚಿದೆ. ನಾಲ್ಕೂ ಬೊಗಳಿಯೇ ಕಚ್ಚಿದ್ದು. ಇನ್ನೊಂದು ತಪ್ಪು ಕಲ್ಪನೆ, ಬೆಕ್ಕಿನಿಂದ ರೇಬೀಸ್ ಬರಲ್ಲ ಅನ್ನೋದು. ಬರುತ್ತದೆ. ನಾಯಿಯಾಗಲಿ ಬೆಕ್ಕಾಗಲಿ, ಮೂರು ತಿಂಗಳಿಗೆ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್, ಮುಂದೆ ವರ್ಷಕ್ಕೊಂದು. ಕಚ್ಚಿದರೆ, ಪರಚಿ ರಕ್ತ ಬಂದರೂ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ನಮ್ಮ ಅಂದಾಜಿನ 15 ನಿಮಿಷ ಎರಡೇ ನಿಮಿಷ ಆಗಿರುತ್ತದೆ. ಖಾರದಪುಡಿ, ಸುಣ್ಣ ಹಚ್ಚಬೇಡಿ. ನೇರ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಿಗೆ ಸೂಜಿ ತಪ್ಪಿಸಬೇಡಿ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಅಸ್ತಮಾ ಬರುತ್ತದೆ ಅನ್ನುವ ಅಜ್ಜಿಯರು ಇಲ್ಲೂ ಇರಬಹುದು. ಅಲರ್ಜಿ ಕೆಲವರಿಗೆ ಆಗುತ್ತದೆ, ಆದರೆ ಅದು ಬೆಕ್ಕಿನ ಜೊಲ್ಲು, ಚರ್ಮದಿಂದ ಬರುವ ಅಂಶಕ್ಕೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಮೊದಲು ಬೆಕ್ಕಿರುವ ಮನೆಯಲ್ಲಿ ಅರ್ಧ ದಿನ ಕೂತು ನೋಡಿ ಬನ್ನಿ. ಬಸುರಿಯರು ಬೆಕ್ಕನ್ನು ಊರಾಚೆ ಬಿಟ್ಟು ಬರಬೇಕಾಗಿಲ್ಲ. ಅದರ ಹೊಲಸನ್ನು ಬೇರೆಯವರು ದಿನಾ ತೆಗೆಯಲಿ, ಅಷ್ಟೇ. ಅಂದರೆ ಗಂಡ ತೆಗೆಯಲಿ. (ನಗು)

ಆಪರೇಷನ್ ಮಾಡಿಸಿ. ಇದರ ಬಗ್ಗೆ ಚರ್ಚೆ ಇಲ್ಲ. ಹೆಣ್ಣು ಬೆಕ್ಕು ಎರಡು ತಿಂಗಳಲ್ಲಿ ಮರಿ ಹಾಕುತ್ತದೆ, ಮರಿಗಳು ಹಾಲು ಬಿಡುವಷ್ಟರಲ್ಲಿ ಮತ್ತೆ ಬೆದೆಗೆ ಬಂದಿರುತ್ತದೆ. ಆಮೇಲೆ ಚೀಲದಲ್ಲಿ ಹಾಕಿಕೊಂಡು ಮಾರ್ಕೆಟ್ ಹತ್ತಿರ ಬಿಡೋದು ಯಾರ ಕೆಲಸ ಅಂತ ಮನೆಯಲ್ಲಿ ಜಗಳ.

ನಾಯಿಯ ಪರವಾಗಿಯೂ ಒಂದು ಮಾತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿದೆ, 10ನೇ ಶತಮಾನದ್ದು. ಗಂಗರ ದೊರೆ ಬೂತುಗನ ಕಡೆಯ ಮಣಲೆರ ಅನ್ನುವ ವೀರನಿಗೆ, ಏನು ಬೇಕೋ ಕೇಳು ಅಂದರಂತೆ. ಚೋಳರ ಮೇಲೆ ತಕ್ಕೋಲದ ಯುದ್ಧ ಗೆದ್ದ ಕಾಲ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಕಾಳಿ ಅನ್ನುವ ನಾಯಿ ಕೊಡಿ ಅಂದ. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ, ನಾಯಿ-ಹಂದಿ ಕಾದಾಡುವ ಚಿತ್ರ ಅದರ ಮೇಲೇ ಇದೆ. ಬೆಕ್ಕಿಗೆ ಇಂಥ ವೀರಗಲ್ಲು ಇದ್ದರೆ ನಾನಂತೂ ಕೇಳಿಲ್ಲ.

ಬೆಕ್ಕಿಗೆ ಕಲ್ಲು ಬೇಕಾಗಿಯೂ ಇಲ್ಲ. ಅದು ನಮ್ಮನ್ನು ನೋಡಿ ಬಂದ ಪ್ರಾಣಿ ಅಲ್ಲ. ಮನುಷ್ಯ ಕಾಳು ಕೂಡಿಡಲು ಶುರು ಮಾಡಿದ, ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯಲ್ಲಿ ಮನುಷ್ಯನ ಪಕ್ಕ ಬೆಕ್ಕೂ ಸಿಕ್ಕಿದೆ. ಸಿಂಧನೂರು, ಗಂಗಾವತಿ ಕಡೆ ಯಾವುದೇ ರೈಸ್ ಮಿಲ್ಲಿಗೆ ಹೋಗಿ ನೋಡಿ. ಅಲ್ಲಿನ ಬೆಕ್ಕನ್ನು ಯಾರೂ ತಂದಿರಲ್ಲ, ಯಾರೂ ಕಳಿಸೋಕೂ ಆಗಲ್ಲ.

ನಮ್ಮ ಮನೆಗೆ ಬಂದದ್ದೂ ಹಾಗೇ. ನಮ್ಮದು ಹಳೇ ಮಣ್ಣಿನ ಮಾಳಿಗೆ, ಬೆಳಕಿಂಡಿ ಇದೆ. ನಿವೃತ್ತಿ ಆದ ವರ್ಷ. ಈಗ ಪುರುಸೊತ್ತು ಇದೆ, ನಾಯಿ ತರೋಣ ಅಂದೆ. ನಮ್ಮ ಮನೆಯವರು, "ಮಂಡಿ ನೋವು ಅಂತ ಪಡಸಾಲೆಯಿಂದ ಗೇಟಿಗೆ ಬರಲ್ಲ, ನಾಯಿ ಹಿಂದೆ ಮುಂಜಾನೆ ಐದಕ್ಕೆ ಯಾರು ಓಡ್ತಾರೆ?" ಅಂದರು. ಉತ್ತರ ಇರಲಿಲ್ಲ. ಅದೇ ವಾರ ಬೆಳಕಿಂಡಿಯಿಂದ ಜೋಳದ ಚೀಲದ ಮೇಲೆ ಧೊಪ್ ಅಂತ ಒಂದು ಬೂದು ಬೆಕ್ಕು ಬಿತ್ತು. ಎದ್ದು, ಮೈ ನೆಕ್ಕಿಕೊಂಡು, ಬಿದ್ದದ್ದು ನಾನಲ್ಲ ಅನ್ನುವ ಹಾಗೆ ಅಡುಗೆಮನೆಗೆ ನಡೆಯಿತು. ಆರು ವರ್ಷ ಆಯಿತು. ಮಧ್ಯಾಹ್ನ 2 ಗಂಟೆಗೆ ನಮ್ಮ ಮನೆಯಲ್ಲಿ ಇಬ್ಬರೂ ಮಲಗಿರ್ತೀವಿ.

ಮುಂದಿನ ಸಾಲಿನ ಹುಡುಗ ಆವಾಗಿನಿಂದ ಕೈ ಎತ್ತುತ್ತಿದ್ದಾನೆ. ಎರಡೂ ಸಾಕಬಹುದಾ ಅಂತ ಅವನ ಪ್ರಶ್ನೆ. ಸಾಕಬಹುದಪ್ಪ. ಎರಡನ್ನೂ ಮರಿ ಇದ್ದಾಗಲೇ ತಂದರೆ ಸುಲಭ. ಬೆಕ್ಕಿನ ತಟ್ಟೆ ಎತ್ತರದಲ್ಲಿಡು, ಇಲ್ಲದಿದ್ದರೆ ನಾಯಿ ಖಾಲಿ ಮಾಡುತ್ತದೆ. ನಾಯಿ ಹತ್ತದ ಒಂದು ಕಪಾಟು ಬೆಕ್ಕಿಗೆ ಬಿಟ್ಟುಕೊಡು. ಇನ್ನು ಮಧ್ಯಾಹ್ನ ಮನೆಯಲ್ಲಿ ಯಾರಿರ್ತಾರೆ? ಅಜ್ಜ ಇರ್ತಾರಾ? ಸರಿ, ಹಾಗಾದರೆ ಅಜ್ಜನನ್ನು ಕೇಳು. ಸಾಕುವವರು ಅವರು, ನೀನಲ್ಲ.

ಕೊನೆಗೊಂದು ಸುದ್ದಿ. ಈ ಭವನದ ಹಿಂದೆ ನೀರಿನ ಟ್ಯಾಂಕ್ ಕೆಳಗೆ ಒಂದು ಕರಿ ನಾಯಿ ಮರಿ ಹಾಕಿದೆ. ಬರುವಾಗ ಎಣಿಸಿದೆ, ಐದು. ಇನ್ನೂ ಕಣ್ಣು ಬಿಟ್ಟಿಲ್ಲ, ಅಂದರೆ ಹುಟ್ಟಿ ಎರಡು ವಾರ ಆಗಿಲ್ಲ. ಈಗ ಯಾರೂ ಮುಟ್ಟಬೇಡಿ, ಎಂಟು ವಾರ ತುಂಬುವವರೆಗೆ ತಾಯಿ ಹತ್ತಿರ ಇರಲಿ. ತಾಯಿಗೆ ದಿನಾ ಎರಡು ರೊಟ್ಟಿ, ಒಂದು ಮೊಟ್ಟೆ ಯಾರಾದರೂ ಹಾಕಿ. ಎಂಟು ವಾರ ಅಂದರೆ ಹೆಚ್ಚುಕಡಿಮೆ ಯುಗಾದಿ ಹೊತ್ತು. ಆ ವೇಳೆಗೆ ನಮ್ಮ ಬಿಸಿಲೂ ಶುರುವಾಗಿರುತ್ತದೆ. ಒಂದು ದಿನ ಮಧ್ಯಾಹ್ನ ಬಂದು ಟ್ಯಾಂಕ್ ಕೆಳಗೆ ಬಗ್ಗಿ ನೋಡಿ. ಆವಾಗಲೂ ಬೇಕು ಅನ್ನಿಸಿದರೆ ಒಂದು ಎತ್ತಿಕೊಂಡು ಹೋಗಿ, ಲಸಿಕೆ ಹಾಕೋಕೆ ನಾನೇ ಬರುತ್ತೇನೆ.